ಮಾವನವರ ಮರ್ಫಿಗಳು

ನಿನ್ನೆ ಅಂಚೆಯಲ್ಲಿ ನಮ್ಮ ಮನೆಗೆ ಇನ್ನೊಂದು ಮದುವೆ ಬಂತು. ವರ ಜಾನ್ ಮರ್ಫಿ, ಕೂಲಿ. ವಧು ಮೇರಿ, ಉದ್ಯೋಗದ ಖಾನೆಯಲ್ಲಿ ಒಂದು ಗೆರೆ. ಊರು ಲಿವರ್‌ಪೂಲ್, ಇಸವಿ 1868. ಇಬ್ಬರಿಗೂ ಬರೆಯಲು ಬಾರದು. ಸಹಿಯ ಜಾಗದಲ್ಲಿ ಒಂದೊಂದು ಗುಣಾಕಾರದ ಗುರುತು. ವಯಸ್ಸಿನ ಖಾನೆಯಲ್ಲಿ ಅಂಕಿಯಿಲ್ಲ, 'ಪೂರ್ಣ ವಯಸ್ಸು' ಎಂದಷ್ಟೇ ಇದೆ. ಇಪ್ಪತ್ತೊಂದು ದಾಟಿದೆ, ಮಿಕ್ಕದ್ದು ನಿಮಗೇಕೆ ಎಂದರ್ಥ. ಎಲ್ಲ ಸರಿಯಾಗಿಯೇ ಇತ್ತು. ಆದರೆ ವರನ ತಂದೆಯ ಹೆಸರು ಡೇನಿಯಲ್ ಇರಬೇಕಿತ್ತು, ಪ್ಯಾಟ್ರಿಕ್ ಇದೆ. ಅಂದರೆ ಈ ಮದುವೆ ನಮ್ಮದಲ್ಲ. ಯಾರದೋ ಮದುವೆಗೆ 12.50 ಪೌಂಡ್ ಮುಯ್ಯಿ ಮಾಡಿ ಕುಳಿತಿದ್ದೇವೆ.

ಮುಯ್ಯಿ ಮಾಡಿದವರು ನನ್ನ ಮಾವ. ಹಳೆಯ ದಾಖಲೆಗಳ ಪ್ರತಿ ತರಿಸಿ ತಮ್ಮ ವಂಶವೃಕ್ಷ ಬರೆಯುವುದು ಅವರ ಹುಚ್ಚು. ವಿಳಾಸ ಮಾತ್ರ ನಮ್ಮದು. ಅವರ ಮನೆ ಇಲ್ಲಿಂದ ಎರಡು ಬೀದಿ ಆಚೆ. ಇಂಥ ಲಕೋಟೆ ಇನ್ನೊಂದು ಬಂದರೆ ನೋಡಿ ಎಂದು ಅತ್ತೆ ಎಚ್ಚರಿಸಿದ ದಿನದಿಂದ ಅವರ ಪೂರ್ವಜರೆಲ್ಲ ನಮ್ಮ ಮನೆಗೆ ಇಳಿಯುತ್ತಿದ್ದಾರೆ. ನಾನು ಬೇನಾಮಿ. ಭಾನುವಾರ ಅತ್ತೆ ಊಟಕ್ಕೆ ಬರುತ್ತಾರೆಂದರೆ ಶನಿವಾರ ರಾತ್ರಿಯೇ ಸತ್ತವರನ್ನೆಲ್ಲ ಒಟ್ಟುಮಾಡಿ ಇಸ್ತ್ರಿ ಬಟ್ಟೆಯ ಕೆಳಗೆ ಅಡಗಿಸಿಡಬೇಕು. ಹಾವೇರಿ ಕಡೆಯ ಒಕ್ಕಲುತನದ ಮನೆಯಿಂದ ಬಂದವಳು ನಾನು. ಅತ್ತೆಯಿಂದ ಏನನ್ನಾದರೂ ಮುಚ್ಚಿಡುವ ಕಾಲ ಬಂದೀತೆಂದು ಅಮ್ಮ ಹೇಳಿಕಳುಹಿಸಿದ್ದಳು. ಆದರೆ ಅದು 1868ರ ಮದುವೆಯಾಗಿರುತ್ತದೆಂದು ಹೇಳಿರಲಿಲ್ಲ.

ಹೀಗೆ ಕಂಡವರ ಮದುವೆಗಳು ಮನೆ ಸೇರುವುದಕ್ಕೂ ಒಂದು ಕಾರಣವಿದೆ. ಇಂಗ್ಲೆಂಡಿನಲ್ಲಿ 1837ರ ಜುಲೈ 1ರಿಂದ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರ ಬರೆದಿಡುತ್ತಾ ಬಂದಿದೆ. ಆದರೆ ಆ ಕಾಲದ ಮದುವೆಗಳ ಸೂಚಿಯಲ್ಲಿ ಕಾಣುವುದು ಹೆಸರು, ಜಿಲ್ಲೆ, ಯಾವ ಮೂರು ತಿಂಗಳು, ಸಂಪುಟ, ಪುಟ ಇಷ್ಟೇ. ತಂದೆಯ ಹೆಸರು ತಿಳಿಯಬೇಕಾದರೆ ಹಣ ಕಟ್ಟಿ ಪ್ರತಿ ತರಿಸಬೇಕು. ಇನ್ನು ಮರ್ಫಿ ಎಂಬುದು ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಅಡ್ಡಹೆಸರು. ಅಲ್ಲಿ 1845ರಿಂದ ಆಲೂಗಡ್ಡೆಗೆ ರೋಗ ಬಿದ್ದು ಮಹಾ ಕ್ಷಾಮ ಬಂದಾಗ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಹಡಗು ಹತ್ತಿದವರಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಇಳಿದದ್ದು ಲಿವರ್‌ಪೂಲಿನಲ್ಲಿ. 1851ರಲ್ಲಿ ಈ ಊರಿನ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಐರ್ಲೆಂಡಿನಲ್ಲಿ ಹುಟ್ಟಿದವರು. ಅವರಲ್ಲಿ ಗಂಡಸರೆಲ್ಲ ಜಾನ್, ಹೆಂಗಸರೆಲ್ಲ ಮೇರಿ ಎಂದು ನನಗೆ ಈಗ ಬಲವಾದ ಅನುಮಾನ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವುದು ಅವರ ಪದ್ಧತಿ. ಐವರು ಅಣ್ಣತಮ್ಮಂದಿರ ಚೊಚ್ಚಲ ಗಂಡುಮಕ್ಕಳು ಐವರೂ ಒಂದೇ ಹೆಸರಿನವರು. ನಗುವಂತಿಲ್ಲ, ನಮ್ಮ ಮನೆಯಲ್ಲೂ ತಲೆಮಾರು ಬಿಟ್ಟು ತಲೆಮಾರಿಗೆ ಒಬ್ಬ ಬಸಪ್ಪ ಇದ್ದೇ ಇದ್ದಾನೆ.

ಬೀಗರ ತಾಯಿಯ ತವರು ಮರ್ಫಿ ಮನೆತನ ಎಂದು ತಿಳಿದಾಗ ನಮ್ಮ ಅಪ್ಪನಿಗೆ ಅವರ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿತು. ಅಪ್ಪ ಹುಡುಗನಾಗಿದ್ದಾಗ ಇಡೀ ಊರಿಗೆ ಇದ್ದದ್ದು ಒಂದೇ ರೇಡಿಯೊ, ಅದು ಮರ್ಫಿ ರೇಡಿಯೊ. "ಅವರದೇ ಕಂಪನಿಯೇ?" ಎಂದು ಕೇಳಿದರು. ಅಲ್ಲ ಎಂದೆ. ಸಂಕೋಚಕ್ಕೆ ಹಾಗೆ ಹೇಳುತ್ತಾರೆ, ದೊಡ್ಡ ಮನೆತನದವರು ಹಾಗೆಯೇ ಎಂದು ಅಪ್ಪ ಈಗಲೂ ನಂಬಿದ್ದಾರೆ.

ಹಣ ಹೋಗಲಿ, ಮಾವನವರದು ಇನ್ನೊಂದು ಅಭ್ಯಾಸವಿದೆ. ಅವರ ಪೂರ್ವಜರು ಯಾರೂ ಸತ್ತಿಲ್ಲ. ಎಲ್ಲರೂ ವರ್ತಮಾನ ಕಾಲದಲ್ಲಿ ಓಡಾಡುತ್ತಿದ್ದಾರೆ. ರಾತ್ರಿ ಹನ್ನೊಂದಕ್ಕೆ ಫೋನು ಬರುತ್ತದೆ. "ಮೇರಿ ಸಿಕ್ಕಿದಳು!" ಮದುವೆಯಾದ ಹೊಸತರಲ್ಲಿ ನಾನು ಹಾಸಿಗೆಯಿಂದ ಎದ್ದು ಕುಳಿತು, "ಎಲ್ಲಿದ್ದಾಳೆ?" ಎಂದಿದ್ದೆ. "ಸ್ಕಾಟ್ಲೆಂಡ್ ರೋಡಿನ ಹಿಂದಿನ ಓಣಿಯಲ್ಲಿ, ಒಂದೇ ಕೋಣೆಯಲ್ಲಿ ಒಂಬತ್ತು ಜನರ ಜೊತೆ ಇದ್ದಾಳೆ." ಪೊಲೀಸರಿಗೆ ತಿಳಿಸಿದ್ದೀರಾ ಎಂದು ನಾನು ಕೇಳಿದ್ದನ್ನು ಅವರು ಇಂದಿಗೂ ನೆಂಟರೆಲ್ಲ ಸೇರಿದಾಗ ಹೇಳಿ ನಗುತ್ತಾರೆ.

ಮೊನ್ನೆ ಬಸ್ಸಿನಲ್ಲಿ ನಡೆದದ್ದನ್ನು ಮಾತ್ರ ಯಾರಿಗೂ ಹೇಳಿಲ್ಲ. ನಾವಿಬ್ಬರೂ ಪೇಟೆಯ ಗ್ರಂಥಾಲಯದಿಂದ ಬರುತ್ತಿದ್ದೆವು. ಕಿವಿ ಸ್ವಲ್ಪ ಮಂದವಾದ್ದರಿಂದ ಮಾವನವರ ಗುಟ್ಟೂ ಬಸ್ಸಿಗೆಲ್ಲ ಕೇಳಿಸುತ್ತದೆ. "ಆ ಮೈಕೇಲ್ ಏನು ಮಾಡಿದ್ದಾನೆ ಗೊತ್ತೇ? ಎರಡನೇ ಮದುವೆಯಾಗಿದ್ದಾನೆ! ಮೊದಲನೆಯವಳು ಬದುಕಿರುವಾಗಲೇ!" ಮುಂದಿನ ಸೀಟಿನ ಹೆಂಗಸು ಓದುತ್ತಿದ್ದ ಪತ್ರಿಕೆಯ ಪುಟ ತಿರುಗಿಸುವುದನ್ನು ನಿಲ್ಲಿಸಿದಳು. "ಎರಡನೆಯವಳಿಗೆ ಹದಿನೆಂಟು ವರ್ಷ. ಇವನು ತಾನು ವಿಧುರ ಎಂದು ಬರೆಸಿದ್ದಾನೆ." ಹಿಂದಿನ ಸೀಟಿನಿಂದ ಒಬ್ಬರು ಛೇ ಎಂದರು. "ಮೊದಲನೆಯವಳಿಗೆ ಗೊತ್ತೇ?" ಎಂದು ಮುಂದಿನವಳು ತಿರುಗಿ ನನ್ನನ್ನೇ ಕೇಳಿಬಿಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಮಾವ, "ಪಾಪ, ಗೊತ್ತಿಲ್ಲ. ಅವಳು ಡಬ್ಲಿನ್ನಿನಲ್ಲಿದ್ದಾಳೆ, ನಾಲ್ಕು ಮಕ್ಕಳು," ಎಂದರು. ಮನೆಯ ಹಿರಿಯರಾಗಿ ನೀವು ಸುಮ್ಮನಿರಬಾರದು, ಹೋಗಿ ಅವಳಿಗೆ ಹೇಳಬೇಕು ಎಂದು ಆಕೆ ಬೆರಳೆತ್ತಿ ಗದರಿದಳು. ಮಾವ ನಿಟ್ಟುಸಿರು ಬಿಟ್ಟು, "ಹೇಳಬಹುದಿತ್ತು, ಆದರೆ 1873ರ ನಂತರ ಅವಳ ವಿಳಾಸವೇ ಸಿಗುತ್ತಿಲ್ಲ," ಎಂದರು. ಬಸ್ಸು ಒಂದು ಕ್ಷಣ ತಣ್ಣಗಾಯಿತು. ಆಕೆ ಮಾವನವರನ್ನು ಬಿಟ್ಟು ನನ್ನನ್ನು ದುರುಗುಟ್ಟಿ ನೋಡಿದಳು, ವಯಸ್ಸಾದವರನ್ನು ಹೀಗೆ ಹೊರಗೆ ಕರೆತರುತ್ತಾರೆಯೇ ಎಂಬಂತೆ. ನಮ್ಮ ನಿಲ್ದಾಣಕ್ಕೆ ಇನ್ನೂ ದೂರವಿತ್ತು. ನಾನು ಅಲ್ಲಿಯೇ ಇಳಿದುಬಿಟ್ಟೆ. ಮಾವ ಮೈಕೇಲನ ಮೂರನೆಯ ಮಗುವಿನ ಬಗ್ಗೆ ಹೇಳುತ್ತಾ ಹಿಂದೆಯೇ ಬಂದರು. ಮಳೆ ಬೇರೆ.

ಅವರ ಕಷ್ಟವೂ ಸಣ್ಣದಲ್ಲ, ನ್ಯಾಯವಾಗಿ ಹೇಳಬೇಕು. ಹಳೆಯ ಜನಗಣತಿಯಲ್ಲಿ ಐರ್ಲೆಂಡಿನವರ ಹುಟ್ಟಿದ ಸ್ಥಳ ಯಾವುದೆಂದು ನೋಡಿದರೆ ಬಹುಪಾಲು 'ಐರ್ಲೆಂಡ್' ಎಂದಷ್ಟೇ ಇರುತ್ತದೆ. ಅಲ್ಲಿ ಟೌನ್‌ಲ್ಯಾಂಡ್ ಎಂಬ ಹಳ್ಳಿಗಿಂತಲೂ ಚಿಕ್ಕ ವಿಭಾಗಗಳೇ ಅರವತ್ತು ಸಾವಿರಕ್ಕೂ ಹೆಚ್ಚು. ಹೋಗಲಿ, ಆ ಕಡೆಯ ಕಾಗದಗಳನ್ನಾದರೂ ನೋಡೋಣವೆಂದರೆ 1821ರಿಂದ 1851ರವರೆಗಿನ ಐರಿಷ್ ಜನಗಣತಿ ಬಹುಪಾಲು 1922ರ ಜೂನ್ 30ರಂದು, ಅಂತರ್ಯುದ್ಧದ ಮೂರನೆಯ ದಿನ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದ ದಾಖಲೆಗಳ ಕಚೇರಿಯ ಜೊತೆ ಸುಟ್ಟುಹೋಯಿತು. 1861 ಮತ್ತು 1871ರದನ್ನು ಸುಡಲು ಯಾವ ಯುದ್ಧವೂ ಬೇಕಾಗಲಿಲ್ಲ, ಸರ್ಕಾರವೇ ನಾಶಮಾಡಿಸಿತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋದವು. ಇಂಗ್ಲೆಂಡಿನವರು ಹೆಚ್ಚು ಜಾಣರೆಂದುಕೊಳ್ಳಬೇಡಿ. ಅವರ 1931ರ ಜನಗಣತಿ 1942ರ ಬೆಂಕಿಯಲ್ಲಿ ಬೂದಿಯಾಯಿತು, 1941ರಲ್ಲಿ ಯುದ್ಧವೆಂದು ಎಣಿಸಲೇ ಇಲ್ಲ. ಇಷ್ಟೆಲ್ಲ ಸುಟ್ಟಮೇಲೂ ನಮ್ಮ ಊಟದ ಮೇಜನ್ನು ಮುಚ್ಚುವಷ್ಟು ಕಾಗದ ಹೇಗೆ ಉಳಿಯಿತೋ ತಿಳಿಯದು.

ಈಗ ಅವರ ಕಣ್ಣು ನನ್ನ ಮೇಲೆ ಬಿದ್ದಿದೆ. ಮರ ಒಂದೇ ಕಡೆ ವಾಲುತ್ತಿದೆಯಂತೆ, ಮೊಮ್ಮಕ್ಕಳಿಗೆ ಅನ್ಯಾಯವಂತೆ. ಒಂದು ಫಾರಂ ಕೊಟ್ಟು, ನಿನ್ನ ಕಡೆಯವರನ್ನೂ ತುಂಬು ಎಂದರು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರ ಹೆಸರು, ಜನ್ಮದಿನ ಬರೆದುಕೊಟ್ಟೆ. ಮಾವ ಕನ್ನಡಕ ಏರಿಸಿದರು.

"ಮೂವರೂ ಜೂನ್ 1. ತ್ರಿವಳಿಗಳೇ?"

"ಅಲ್ಲ, ಬೇರೆ ಬೇರೆ ವರ್ಷ."

"ಹಾಗಾದರೆ ನಿನ್ನ ಅಜ್ಜಿ ಬಹಳ ಶಿಸ್ತಿನ ಹೆಂಗಸು."

ಶಾಲೆಗೆ ಸೇರಿಸುವ ದಿನ ಮಾಸ್ತರರು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು ಎಂದು ವಿವರಿಸಿದೆ. ಬೇಸರಪಟ್ಟುಕೊಳ್ಳುತ್ತಾರೆ, ಈ ಪೀಡೆ ತೊಲಗುತ್ತದೆ ಎಂಬ ಆಸೆ ನನಗಿತ್ತು. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಅವರ ತಂದೆಯ ಕಡೆಯ ಒಂದು ಕವಲು ಮೇಯೋ ಕೌಂಟಿಯಲ್ಲೇ ಉಳಿದಿತ್ತು. ಅಲ್ಲಿಯ ಒಬ್ಬ ಮುತ್ತಜ್ಜನಿಗೆ 1901ರ ಜನಗಣತಿಯಲ್ಲಿ ಐವತ್ತೆರಡು ವರ್ಷ, 1911ರಲ್ಲಿ ಎಪ್ಪತ್ತೊಂದು! ನಡುವೆ ಆದದ್ದಿಷ್ಟೆ: 1909ರ ಜನವರಿಯಿಂದ ಎಪ್ಪತ್ತು ತುಂಬಿದ ಬಡವರಿಗೆ ಪಿಂಚಣಿ ಸಿಗತೊಡಗಿತು. ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಆರಂಭವಾದದ್ದೇ 1864ರಲ್ಲಿ, ಹಾಗಾಗಿ ಎಪ್ಪತ್ತರವರ ಬಳಿ ಕಾಗದವೆಲ್ಲಿಂದ ಬರಬೇಕು? 1839ರ ಜನವರಿ 6ರ ರಾತ್ರಿ ಆ ದೇಶದ ಮೇಲೆ ಭೀಕರ ಬಿರುಗಾಳಿ ಬೀಸಿತ್ತು. ಆ 'ದೊಡ್ಡ ಗಾಳಿ' ನೆನಪಿದೆ ಎಂದರೆ ವಯಸ್ಸಿಗೆ ಪುರಾವೆ. ಇಡೀ ದೇಶದ ಮುದುಕರಿಗೆ ಒಮ್ಮೆಲೇ ಗಾಳಿ ನೆನಪಾಯಿತು. ಪ್ಲೇಗಿಗೆ ಊರು ಬಿಟ್ಟ ವರ್ಷ, ಕೆರೆ ಒಡೆದ ವರ್ಷ ಎಂದು ವಯಸ್ಸು ಹೇಳುತ್ತಿದ್ದ ನಮ್ಮ ಊರಿನ ಕಟ್ಟೆಯ ಮುದುಕರು ಅಲ್ಲಿದ್ದಿದ್ದರೆ ಅವರೂ ಪಿಂಚಣಿ ಬಿಡುತ್ತಿರಲಿಲ್ಲ.

ಫಾರಂನ ಮುಂದಿನ ಖಾನೆ ಅಜ್ಜಿಗೆ ಎಷ್ಟು ಮಕ್ಕಳು ಎಂಬುದು. ನಾಲ್ಕು ಎಂದು ಬರೆಯಲು ಹೋದವಳು ತಡೆದೆ. ಯಾರಾದರೂ ಕೇಳಿದರೆ ಅಜ್ಜಿ ಹೇಳುತ್ತಿದ್ದದ್ದು ನಾಲ್ಕು ಎಂದಲ್ಲ. "ಹಡೆದದ್ದು ಏಳು, ನಿಂತದ್ದು ನಾಲ್ಕು" ಎಂದು. ಅದನ್ನು ಹಾಗೆಯೇ ಹೇಳಿದೆ. ಮಾವ ಮಾತನಾಡದೆ ಮೇಜಿನ ಮೇಲಿನ ರಾಶಿಯಿಂದ ಒಂದು ಹಾಳೆ ತೆಗೆದರು. 1911ರ ಜನಗಣತಿ, ಲಿವರ್‌ಪೂಲ್, ಅವರ ಅಸಲಿ ಮೇರಿ. ಆ ವರ್ಷ ಮದುವೆಯಾದ ಹೆಂಗಸರನ್ನು ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ಸತ್ತವರೆಷ್ಟು ಎಂದು ಕೇಳಿದ್ದರು. ವಿಧವೆಯರು ಉತ್ತರಿಸಬೇಕಿರಲಿಲ್ಲ. ಮೇರಿ ವಿಧವೆ. ಆದರೂ ಮಗನ ಕೈಯಲ್ಲಿ ಬರೆಸಿದ್ದಾಳೆ: ಒಂಬತ್ತು, ಐದು, ನಾಲ್ಕು. ನಿಯಮದ ಪ್ರಕಾರ ಬೇಡದ್ದೆಂದು ಗುಮಾಸ್ತ ಮೂರೂ ಅಂಕಿಗಳ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿದ್ದಾನೆ. ಅಂಕಿಗಳು ಕೆಳಗೆ ಚೆನ್ನಾಗಿಯೇ ಕಾಣುತ್ತವೆ. ಆ ನಾಲ್ವರ ಹೆಸರು ಹುಡುಕಲಿಕ್ಕೇ ಅವರು ಲಕೋಟೆಯ ಮೇಲೆ ಲಕೋಟೆ ತರಿಸುತ್ತಿರುವುದು. ಅದು ನನಗೆ ಅಂದೇ ತಿಳಿದದ್ದು. ಅವತ್ತು ಮೇಜು ಖಾಲಿ ಮಾಡಿ ಎಂದು ನಾನು ಹೇಳಲಿಲ್ಲ. ಎಲ್ಲರೂ ತಟ್ಟೆ ಹಿಡಿದು ಸೋಫಾದಲ್ಲಿ ಉಂಡೆವು.

ಈ ಮೃದುತನಕ್ಕೆ ಶಿಕ್ಷೆ ಬೇಗನೆ ಸಿಕ್ಕಿತು. ಅಜ್ಜನಿಗಿಂತ ಹಿಂದಿನವರು ಯಾರು ಎಂದು ಮಾವ ಕೇಳಿದಾಗ, ಅದೆಲ್ಲ ಹೆಳವನಿಗೆ ಗೊತ್ತು ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಯಾರವನು? ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಊರಿಗೆ ಬರುತ್ತಾನೆ, ಬೆಳಗಿನ ಜಾವ ಗಂಟೆ ಬಾರಿಸಿ ಮನೆಯ ಮುಂದೆ ನಿಲ್ಲುತ್ತಾನೆ, ನಿಮ್ಮ ಮೂಲಪುರುಷ ಯಾರು, ಯಾವ ಊರಿನಿಂದ ಬಂದ, ಯಾವ ಕವಲು ಎಲ್ಲಿಗೆ ಹೋಯಿತು ಎಂದು ನಿಂತಲ್ಲೇ ಹೇಳುತ್ತಾನೆ, ಹೊಸದಾಗಿ ಹುಟ್ಟಿದವರ ಹೆಸರು ತನ್ನ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುತ್ತಾನೆ ಎಂದೆ. ಮಾವನವರ ಬಾಯಿ ತೆರೆದದ್ದು ತೆರೆದೇ ಇತ್ತು.

"ಮನೆಯ ಬಾಗಿಲಿಗೇ ಬರುತ್ತಾನೆಯೇ? ವರ್ಷದ ಚಂದಾ ಎಷ್ಟು?"

"ಒಂದು ಮೊರ ಜೋಳ. ಅನುಕೂಲವಿದ್ದವರು ಒಂದು ಧೋತರವನ್ನೂ ಕೊಡುತ್ತಾರೆ."

ಅವರು ಬಹಳ ಹೊತ್ತು ಏನನ್ನೋ ಲೆಕ್ಕ ಹಾಕಿದರು. ಹೆಳವ ಹೇಳುವ ಸಾಲಿನಲ್ಲಿ ಅಪ್ಪ, ಅಜ್ಜ, ಮುತ್ತಜ್ಜರೇ ಇರುತ್ತಾರೆ, ಹೆಣ್ಣುಮಕ್ಕಳ ಹೆಸರು ಬಂದದ್ದನ್ನು ನಾನಂತೂ ಕೇಳಿಲ್ಲ ಎಂದೆ. ಜೋಳ ಅಳೆದು ಸುರಿಯುತ್ತಿದ್ದವಳು ಅಜ್ಜಿ, ಪುಸ್ತಕದಲ್ಲಿ ಇಲ್ಲದವಳೂ ಅವಳೇ. ಅದು ಅವರ ಕಿವಿಗೆ ಬಿತ್ತೋ ಇಲ್ಲವೋ. ಆಗಲೇ ಹುಬ್ಬಳ್ಳಿಗೆ ವಿಡಿಯೊ ಕರೆ ಮಾಡಿಸಿದ್ದರು. ಅಪ್ಪ ಹುಬ್ಬಳ್ಳಿಯ ಮೂರನೆಯ ಮಹಡಿಗೆ ಬಂದಮೇಲೆ ಹೆಳವನ ಮುಖ ಕಂಡವರಲ್ಲ, ಊರಿಗೆ ಈಗಲೂ ಬರುತ್ತಾನೋ ಇಲ್ಲವೋ ತಿಳಿಯದು. ಆದರೆ ಬೀಗರ ಮಾತಿಗೆ ಇಲ್ಲವೆನ್ನುವುದು ಹೇಗೆ? "ಬರಲಿ, ಬರಲಿ, ಹುಡುಕಿಸೋಣ" ಎಂದುಬಿಟ್ಟರು. ಕಂಪನಿ ಸರ್ಕಾರದ ಪಡೆಗೆ ಸೇರಿದ ಐರಿಷ್ ಹುಡುಗರು ಬಹಳ ಮಂದಿ, ತಮ್ಮವನೊಬ್ಬ ಜಾನ್ ಮರ್ಫಿಯೂ ಮದರಾಸಿನ ಕಡೆ ಬಂದಿದ್ದನೆಂಬ ಗುಮಾನಿಯಿದೆ, ಅವನ ಸುಳಿವೂ ಹೆಳವನಿಗಿದ್ದೀತೇ ಎಂದು ಮಾವ ಕೇಳಿಸಿದರು. ರೇಡಿಯೊ ಮನೆತನವಲ್ಲವೇ, ಇದ್ದರೂ ಇದ್ದೀತು ಎಂದರು ಅಪ್ಪ. ಇವೆರಡನ್ನೂ ಗಂಭೀರ ಮುಖದಿಂದ ಭಾಷಾಂತರಿಸಿದ್ದು ನಾನು.

ಡಿಸೆಂಬರಿಗೆ ಟಿಕೆಟ್ ಆಗಿದೆ. ಮರದಲ್ಲಿ ಪ್ರತಿಯೊಂದು ಹೆಸರಿನ ಪಕ್ಕಕ್ಕೂ ಆಧಾರ ಬರೆಯುವ ಖಾನೆಯಿದೆ. ಸಂಪುಟ, ಪುಟ, ತಾರೀಕು ಇಲ್ಲದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ ಎಂಬುದು ಮಾವನವರ ವ್ರತ. ನನ್ನ ಕಡೆಯವರಿಗೆ ಅಲ್ಲಿ ಏನೆಂದು ಬರೆಯುವುದು ಎಂದು ವಾರದಿಂದ ನನ್ನ ತಲೆ ತಿನ್ನುತ್ತಿದ್ದಾರೆ. ಎತ್ತಿನ ಜೊತೆ ಬಂದವನು ಹೇಳಿದ್ದು ಎಂದು ಬರೆಯಿರಿ ಎಂದೆ. ಬರೆಯಬಹುದಂತೆ, ಆದರೆ ಎತ್ತಿನ ಹೆಸರೂ ಬೇಕಂತೆ.