ಶೇಕಡಾ 64 ಕರಡಿ

ನಮ್ಮ ಮನೆಯಲ್ಲಿ ಕದಿಯುವಂಥದ್ದು ಏನೂ ಇಲ್ಲವೆಂಬ ಸಂಗತಿ ದುರ್ಗದ ಕಳ್ಳರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದವನು ನಾನೊಬ್ಬನೇ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನ ಮನೆಯಲ್ಲಿ ಏನಿದ್ದೀತು? ಎರಡು ಬೀರು ಪುಸ್ತಕ, ಸನ್ಮಾನಗಳಲ್ಲಿ ಬಂದ ಹದಿನೇಳು ಶಾಲು, ಅವ್ವನ ಎಲೆಅಡಿಕೆ ಡಬ್ಬಿ. ಆದರೆ ಹೋದ ಆಷಾಢದಲ್ಲಿ ಹಿಂದಿನ ಬೀದಿಯ ಒಂದು ಮನೆಯಿಂದ ಗ್ಯಾಸ್ ಸಿಲಿಂಡರ್ ಕಳುವಾಯಿತು. ಅದೂ ಖಾಲಿಯದು. ಖಾಲಿ ಸಿಲಿಂಡರನ್ನೇ ಬಿಡದವರು ಶಾಲು ಬಿಟ್ಟಾರೆಯೇ ಎಂಬ ಚಿಂತೆ ನನಗೆ ಹತ್ತಿಕೊಂಡಿತು.

ಕ್ಯಾಮೆರಾ ಹಾಕಿಸೋಣ ಎಂದರೆ ಮನೆಯಾಕೆ ಸುತರಾಂ ಒಪ್ಪಲಿಲ್ಲ. ನನ್ನ ಹತ್ತಿರ ಇರುವ ಆಯುಧ ಒಂದೇ, ಇತಿಹಾಸ. ಅದನ್ನೇ ಎತ್ತಿದೆ. ಮನೆ ಕಾಯುವ ಕ್ಯಾಮೆರಾಕ್ಕೆ ದಾರಿ ತೋರಿಸಿದ್ದು ಒಬ್ಬ ನರ್ಸಮ್ಮ ಕಣೇ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಆಕೆಯ ಗಂಡನಿಗೆ ಹೊತ್ತುಗೊತ್ತಿಲ್ಲದ ಕೆಲಸ. ಬಾಗಿಲು ಬಡಿದವರು ಯಾರೆಂದು ನೋಡಲು ಬಾಗಿಲಿಗೇ ನಾಲ್ಕು ಕಿಂಡಿ, ಹಿಂದೆ ಮೇಲೆ-ಕೆಳಗೆ ಸರಿಯುವ ಒಂದು ಕ್ಯಾಮೆರಾ, ಒಳಕೋಣೆಯಲ್ಲಿ ಟಿವಿ. 1966ರಲ್ಲಿ ಗಂಡ ಹೆಂಡಿರು ಅರ್ಜಿ ಹಾಕಿದರು, 1969ರಲ್ಲಿ ಪೇಟೆಂಟ್ ಬಂತು. ನಮ್ಮ ಓಬವ್ವ ಅದಕ್ಕೂ ಸುಮಾರು ಇನ್ನೂರು ವರ್ಷ ಹಿಂದೆ ಒಂದೇ ಕಿಂಡಿಯಲ್ಲಿ ನಿಭಾಯಿಸಿದವಳು. ಅಂಥ ಊರಿನಲ್ಲಿದ್ದು ನಾವು ಕಿಂಡಿ ಬೇಡ ಅನ್ನಬಹುದೇ?

ಆಕೆ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಲಿಲ್ಲ. "ಓಬವ್ವನ ಗಂಡ ಊಟಕ್ಕೆ ಹೋಗಿದ್ದ. ಆ ಯಮ್ಮನ ಗಂಡ ಡ್ಯೂಟಿಗೆ ಹೋಗಿದ್ದ. ಎರಡೂ ಕಡೆ ಗಂಡ ಹತ್ರ ಇರ್ಲಿಲ್ಲ, ಅದಕ್ಕೇ ಕೆಲಸ ಸುಸೂತ್ರ ಆಗೈತೆ. ನೀವು ರಿಟೈರಾಗಿ ಮೂರು ಹೊತ್ತೂ ಮನೇಲೇ ಇರ್ತೀರಲ್ರೀ. ಕಾಯೋಕೆ ಬೇರೆ ಕ್ಯಾಮೆರಾ ಯಾಕೆ?"

ಉತ್ತರ ಹೊಳೆಯಲಿಲ್ಲವಾದ್ದರಿಂದ ಮಾರನೇ ದಿನವೇ ಮೂರು ಕ್ಯಾಮೆರಾ ತಂದೆ. ಗೇಟಿಗೊಂದು, ಹಿತ್ತಿಲಿಗೊಂದು, ತಾರಸಿಗೊಂದು. ಜೊತೆಗೆ ವೈಫೈನಲ್ಲಿ ನಡೆಯುವ ಬಲ್ಬು ಎರಡು, ಪ್ಲಗ್ಗು ಒಂದು, ಮಾತಾಡುವ ಸ್ಪೀಕರು ಒಂದು. ಎಲೆಕ್ಟ್ರಿಷಿಯನ್ ಹುಡುಗ ಗೋಡೆಗೆ ಆರು ತೂತು ಕೊರೆದು, ಮೂರು ಸರಿಯಾದ ಜಾಗದಲ್ಲಿ ಬಿದ್ದವೆಂದು ಸಮಾಧಾನ ಹೇಳಿ ಹೋದ. ತಿಂಗಳು ತಿಂಗಳು ದುಡ್ಡು ಕಟ್ಟಿ ನಮ್ಮ ಮನೆಯ ಚಿತ್ರವನ್ನು ಯಾವುದೋ ದೇಶದ ಕಂಪ್ಯೂಟರಿನಲ್ಲಿಡುವುದು ಬೇಡ, ಬಿಟ್ಟಿ ಸಾಫ್ಟ್‌ವೇರ್ ಇದೆ, ನನ್ನ ಹಳೆ ಕಂಪ್ಯೂಟರಿಗೆ ಹಾಕಿ ಅಪ್ಪಾಜಿ ಎಂದು ಬೆಂಗಳೂರಿನಿಂದ ಮಗ ಫೋನಿನಲ್ಲಿ ಹೇಳಿದ. ಬಿಟ್ಟಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಕ್ಯಾಮೆರಾದ ಚಿತ್ರ ಕಂಪ್ಯೂಟರಿಗೆ ಬರಲು ಆರ್‌ಟಿಎಸ್‌ಪಿ ಅಂತ ಒಂದು ವಿಳಾಸ ಬರೆಯಬೇಕು. ಮೊದಲು ಹೆಸರು, ಆಮೇಲೆ ಪಾಸ್‌ವರ್ಡ್, ನಡುವೆ @ ಚಿಹ್ನೆ, ಅದರಾಚೆ ಕ್ಯಾಮೆರಾದ ನಂಬರು. ಬರೆದೆ. ಬರಲಿಲ್ಲ. ಎರಡು ಸಂಜೆ ಕೂತೆ. ವೈರು ಬದಲಾಯಿಸಿದೆ, ಕ್ಯಾಮೆರಾ ಬಿಚ್ಚಿ ಒರೆಸಿದೆ, ಕೊನೆಗೆ ಮನೆದೇವರಿಗೆ ಒಂದು ಕಾಯಿ ಹರಕೆ ಹೊತ್ತೆ. ಮೂರನೇ ದಿನ ಮಗ "ಪಾಸ್‌ವರ್ಡ್ ಏನಿಟ್ಟಿದ್ದೀರಿ?" ಎಂದು ಕೇಳಿದ. ದುರ್ಗ@1779 ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಅಪ್ಪಾಜಿ, ಹೈದರಾಲಿಗೆ ಕೋಟೆ ಬಿದ್ದ ವರ್ಷ ಅಲ್ವಾ ಅದು? ಕಾವಲಿಗೆ ಅದನ್ನೇ ಇಡೋದಾ?"

ಅಪಶಕುನ ಹಾಗಿರಲಿ, ನಿಜವಾದ ತಕರಾರು ಆ @ ಚಿಹ್ನೆಯದು. ಪಾಸ್‌ವರ್ಡಿನ ಹೊಟ್ಟೆಯೊಳಗೆ @ ಬಂದರೆ ಸಾಫ್ಟ್‌ವೇರ್ ಪಾಸ್‌ವರ್ಡ್ ಅಲ್ಲಿಗೇ ಮುಗಿಯಿತೆಂದು ತಿಳಿದು, ಮುಂದಿನ 1779 ಎಂಬ ಊರಿಗೆ ಕ್ಯಾಮೆರಾ ಹುಡುಕಿಕೊಂಡು ಹೋಗುತ್ತದೆ. ಆ ಜಾಗದಲ್ಲಿ %40 ಎಂದು ಬರೆಯಬೇಕಂತೆ. ಎಸ್ಸೆಸ್ಸೆಲ್ಸಿ ಪಾಸಾಗಲು ನನ್ನ ಹುಡುಗರಿಗೆ ಶೇಕಡಾ 35 ಸಾಕಿತ್ತು. ಈ ಕ್ಯಾಮೆರಾಕ್ಕೆ 40 ಬೇಕು. ಬರೆದ ತಕ್ಷಣ ಪರದೆಯ ಮೇಲೆ ನಮ್ಮ ಗೇಟು ಮೂಡಿತು. ಮೂವತ್ತು ವರ್ಷದಿಂದ ನೋಡಿದ ಗೇಟು. ಆದರೂ ಮನೆಮಂದಿಯೆಲ್ಲ ನಿಂತು ಅರ್ಧ ಗಂಟೆ ನೋಡಿದೆವು. ಆಚೆ ಹೋಗಿ ನೋಡಿದ್ದರೆ ಬಣ್ಣ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ನಮ್ಮದು ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿ ಕರೆಂಟು ತೆಗೆಯುವ ಊರು. ಆಷಾಢದ ಗಾಳಿಗೆ ಇಲ್ಲಿ ಒಣಹಾಕಿದ ಬಟ್ಟೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಚಲನೆ ಕಂಡರೆ ತಿಳಿಸು ಎಂದು ನಾನು ಹೇಳಿದ್ದೇ ತಡ, ಮೊದಲ ರಾತ್ರಿಯೇ ಫೋನಿಗೆ ಇನ್ನೂರಕ್ಕೂ ಮೇಲೆ ಸಂದೇಶ ಬಂದವು. ಚಲನೆ ಅಂದರೆ ಅದರ ಲೆಕ್ಕದಲ್ಲಿ ಈ ಕ್ಷಣದ ಚಿತ್ರಕ್ಕೂ ಹಿಂದಿನದಕ್ಕೂ ಚುಕ್ಕೆ ಚುಕ್ಕೆ ತಾಳೆ ನೋಡಿ ಸಿಗುವ ವ್ಯತ್ಯಾಸ, ಅಷ್ಟೇ. ತೆಂಗಿನ ಗರಿ ಅಲ್ಲಾಡಿತು, ತಿಳಿಸಿತು. ನನ್ನ ಪಟ್ಟೆಪಟ್ಟೆ ಲುಂಗಿ ಹಾರಿತು, ತಿಳಿಸಿತು. ಕತ್ತಲಲ್ಲಿ ನೋಡಲು ಕ್ಯಾಮೆರಾ ಚೆಲ್ಲುವ, ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕಿಗೆ ಅದರ ಮೂಗಿನ ಮುಂದೆ ಹಾದ ಸೊಳ್ಳೆ ಪರದೆಯ ಮೇಲೆ ಹೆಲಿಕಾಪ್ಟರಿನಷ್ಟಾಗಿ ಕಂಡಿತು, ಅದನ್ನೂ ತಿಳಿಸಿತು. ಇದನ್ನೆಲ್ಲ ಜೋಪಾನವಾಗಿ ಡಿಸ್ಕಿಗೆ ಬರೆದುಕೊಳ್ಳುತ್ತಿತ್ತು ಬೇರೆ. ಸೆಕೆಂಡಿಗೆ 4 ಮೆಗಾಬಿಟ್ ಅಂದರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ 43 ಜಿಬಿ. ಮೂರು ಕ್ಯಾಮೆರಾ ಸೇರಿ ಒಂದು ಟೆರಾಬೈಟ್ ಡಿಸ್ಕು ಎಂಟು ದಿನ ತುಂಬುವ ಮೊದಲೇ ಭರ್ತಿ. ತೆರೆದು ನೋಡಿದರೆ ಅಷ್ಟೂ ಲುಂಗಿ.

ಇದಕ್ಕೆ ದೀಪ ಜೋಡಿಸಿದ್ದು ನನ್ನ ಸ್ವಂತ ಬುದ್ಧಿ. ಗೇಟಿನ ಬಳಿ ಚಲನೆ ಕಂಡರೆ ವರಾಂಡದ ಬಲ್ಬು ಹತ್ತಬೇಕು, ಎರಡು ನಿಮಿಷಕ್ಕೆ ಆರಬೇಕು. ಹತ್ತಿತು. ದೀಪ ಹತ್ತಿದ ಕೂಡಲೇ ಕ್ಯಾಮೆರಾ ರಾತ್ರಿಯ ಕಪ್ಪುಬಿಳುಪಿನಿಂದ ಹಗಲಿನ ಬಣ್ಣಕ್ಕೆ ತಿರುಗಿತು. ಎರಡು ನಿಮಿಷಕ್ಕೆ ದೀಪ ಆರಿತು. ಬಣ್ಣ ಹೋಗಿ ಕಪ್ಪುಬಿಳುಪು ಬಂತು, ಚಿತ್ರಕ್ಕೆ ಚಿತ್ರವೇ ಬದಲಾಯಿತು. ಅಷ್ಟೂ ಚುಕ್ಕೆ ಬದಲಾದರೆ ಅದು ಚಲನೆಯೇ ತಾನೇ? ಮತ್ತೆ ಹತ್ತಿತು. ದೀಪವನ್ನು ನೋಡಿ ಕ್ಯಾಮೆರಾ, ಕ್ಯಾಮೆರಾದ ಮಾತು ಕೇಳಿ ದೀಪ, ಬೆಳಗಿನವರೆಗೆ ಒಂದನ್ನೊಂದು ಮಾತಾಡಿಸಿಕೊಂಡವು. ಬೆಳಿಗ್ಗೆ ಎದುರುಮನೆಯ ರಿಟೈರ್ಡ್ ಕಂಡಕ್ಟರು ಹಲ್ಲುಜ್ಜುತ್ತಲೇ ಕೇಳಿದರು: "ರಾತ್ರಿ ನಿಮ್ಮನೇಲಿ ಆರ್ಕೆಸ್ಟ್ರಾ ಇತ್ತಾ ಮೇಷ್ಟ್ರೇ? ಲೈಟು ಕಂಡ್ವು, ಹಾಡು ಕೇಳ್ಸಲಿಲ್ಲ." ಅಂದೇ ದೀಪದ ಸಂಬಂಧ ಕಡಿದು ಹಾಕಿದೆ.

ಆ ಕಂಡಕ್ಟರ ಉಪಕಾರವನ್ನೂ ಹೇಳಬೇಕು. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದ ಮೇಲೆ ಸ್ಪೀಕರು "ಗೇಟಿನ ಬಳಿ ಮನುಷ್ಯ" ಎಂದು ಬಡಿದುಕೊಳ್ಳತೊಡಗಿತು. ಹೋಗಿ ನೋಡಿದರೆ ಗೇಟಿನಲ್ಲಿ ನರಪಿಳ್ಳೆಯಿಲ್ಲ. ಮತ್ತೆ ಅದೇ ಕೂಗು. ಐದು ಸಲ ಹೋಗಿ ಬಂದೆ. ಮನೆಯಾಕೆ ತಾರಸಿಯಲ್ಲಿ ಹಪ್ಪಳ ತಿರುವಿಹಾಕುತ್ತಿದ್ದಳು, ಆ ಮನುಷ್ಯ ಅವಳೇ ಎಂದು ತಿಳಿಯುವಷ್ಟರಲ್ಲಿ ನನ್ನ ಮಂಡಿ ಹಿಡಿದುಕೊಂಡಿತ್ತು. ಆದದ್ದಿಷ್ಟು: ಮನೆಯೊಳಗಿನ ಯಂತ್ರಗಳಿಗೆಲ್ಲ ನಂಬರು ಹಂಚುವುದು ರೌಟರು. ಕರೆಂಟು ಹೋದರೆ ಎಲ್ಲರೂ ಎದ್ದುಹೋದ ಹಾಗೆ, ಬಂದ ಮೇಲೆ ಮೊದಲು ಎದ್ದವರಿಗೆ ಮೊದಲ ನಂಬರು. ಗೇಟಿನ ನಂಬರನ್ನು ಆ ದಿನ ತಾರಸಿ ಕ್ಯಾಮೆರಾ ಹಿಡಿದುಕೊಂಡಿತ್ತು. ಪ್ರತಿ ಕ್ಯಾಮೆರಾಕ್ಕೂ ಒಂದೊಂದು ನಂಬರನ್ನು ರೌಟರಿನಲ್ಲೇ ಕಾಯ್ದಿರಿಸಬೇಕು ಎಂದು ಮಗ ವಿವರಿಸಿದ್ದು ನನ್ನ ತಲೆಗೆ ಹೋಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಕಂಡಕ್ಟರು ಥಟ್ಟನೆ ಹೇಳಿದರು: "ಅಷ್ಟೇನಾ? ಕಿಟಕೀಲಿ ಟವೆಲ್ ಹಾಕಿ ಸೀಟು ಹಿಡಿಯೋದು." ಮೂರು ಕ್ಯಾಮೆರಾಕ್ಕೂ ಟವೆಲ್ ಹಾಕಿದೆವು. ಆಮೇಲೆ ಯಾವುದೂ ಸೀಟು ಬಿಟ್ಟು ಎದ್ದಿಲ್ಲ.

ಇನ್ನು ಈ ಮನುಷ್ಯ, ಪ್ರಾಣಿ ಎಂದು ಗುರುತಿಸುವ ವಿದ್ಯೆ. ಲುಂಗಿಯ ಕಾಟ ತಪ್ಪಿಸಲು ಮಗ ಹೇಳಿಕೊಟ್ಟ ಉಪಾಯ ಅದು. ಬರೀ ಅಲ್ಲಾಡಿದರೆ ಸುಮ್ಮನಿರು, ಅಲ್ಲಾಡಿದ್ದು ಏನೆಂದು ತಿಳಿದು ಹೇಳು. ಇದಕ್ಕೆ ಪಾಠ ಹೇಳಿದ್ದು ಕೋಕೋ ಎಂಬ ಚಿತ್ರಭಂಡಾರದಿಂದ. 2014ರಲ್ಲಿ ಹೊರಬಂದದ್ದು, ಅದರಲ್ಲಿ 80 ಬಗೆಯ ವಸ್ತುಗಳು. ಪಟ್ಟಿ ಓದಿದೆ. ಪಿಜ್ಜಾ ಇದೆ, ಡೋನಟ್ ಇದೆ, ಮುದ್ದೆ ಇಲ್ಲ. ಹಿಮದ ಮೇಲೆ ಜಾರುವ ಹಲಗೆ ಇದೆ, ಒನಕೆ ಇಲ್ಲ. ಪ್ರಾಣಿಗಳು ಹತ್ತು: ಹಕ್ಕಿ, ಬೆಕ್ಕು, ನಾಯಿ, ಕುದುರೆ, ಕುರಿ, ಹಸು, ಆನೆ, ಕರಡಿ, ಜೀಬ್ರಾ, ಜಿರಾಫೆ. ನಮ್ಮ ಬೀದಿಗೆ ಜಿರಾಫೆ ಬಂದರೆ ಹಿಡಿದುಕೊಡುವ ಈ ಪಂಡಿತನಿಗೆ ಎಮ್ಮೆ ಗೊತ್ತಿಲ್ಲ, ಹಂದಿ ಗೊತ್ತಿಲ್ಲ, ಕೋಟೆಗೆ ಹೋದವರ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿಯೂ ಗೊತ್ತಿಲ್ಲ. ಗೇಟಿನ ಬಳಿ ಕುರಿ ಎಂದು ಒಂದು ದಿನ ಕೂಗಿತು. ಅವ್ವ ಹೋಗಿ ನೋಡಿ ಬಂದಳು. ದಾಸವಾಳ ಮೇಯುತ್ತಿದ್ದದ್ದು ಮೇಕೆ. "ಕುರಿ ಯಾವ್ದು ಮೇಕೆ ಯಾವ್ದು ತಿಳೀದಿದ್ದು ಕಳ್ಳನ್ನ ಏನ್ ಹಿಡಿತೈತೋ?" ಎಂದಳು. ಹಳೆಯ ಕಂಪ್ಯೂಟರು ಇಷ್ಟಕ್ಕೇ ಏದುಸಿರು ಬಿಟ್ಟು ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಎಷ್ಟು ರಾಗಿ ಬೀಸಿತೆಂದು ಅವ್ವ ದಿನಾ ಕೇಳುತ್ತಿದ್ದಳು.

ಮಗ ಮನುಷ್ಯ ಒಂದಕ್ಕೆ ಮಾತ್ರ ಗುರುತು ಹಾಕಿ ಎಂದಿದ್ದ. ಬಿಟ್ಟಿಯಾಗಿ 80 ಕೊಡುವಾಗ ಒಂದು ಯಾಕೆ ತಗೊಳ್ಳಲಿ ಎಂದು ನಾನು ಪ್ರಾಣಿಗಳಿಗೆಲ್ಲ ಗುರುತು ಹಾಕಿದ್ದೆ. ಕರಡಿಗೆ ಹಾಕುವಾಗ ಕಾರಣವೂ ಇತ್ತು. ಜೋಗಿಮಟ್ಟಿ ಕಾಡು ನಮ್ಮೂರ ಬೆನ್ನಿಗೇ ಇದೆ, ಅಲ್ಲಿ ಕರಡಿ ಇರುವುದು ಸುಳ್ಳಲ್ಲ.

ಧನುರ್ಮಾಸದ ಮೊದಲ ದಿನ. ಹಲ್ಲು ಕಟಕಟ ಎನ್ನುವ ಚಳಿ. ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಹಾಲ್‌ನಿಂದ ವಾರ್ತೆ ಓದುವ ದನಿಯಲ್ಲಿ ಬಂತು: "ಗೇಟಿನ ಬಳಿ ಕರಡಿ." ಫೋನು ತೆಗೆದೆ. ಕಪ್ಪುಬಿಳುಪು ಚಿತ್ರದಲ್ಲಿ ಕರಿಯ ಗುಡ್ಡೆಯೊಂದು ಗೇಟಿನ ಮುಂದೆ ಕೂತು ನೆಲ ಕೆರೆಯುತ್ತಿದೆ. ಅದರ ಸುತ್ತ ಒಂದು ಚೌಕ, ಮೇಲೆ ಬರೆದಿದೆ: ಕರಡಿ, 64%. ಅದು ಕರಡಿಯೇ ಎಂದು ಆ ಪಂಡಿತನಿಗಿದ್ದ ಭರವಸೆ ಅಷ್ಟು. ಅರವತ್ತಕ್ಕೆ ಫಸ್ಟ್ ಕ್ಲಾಸು. ಫಸ್ಟ್ ಕ್ಲಾಸ್ ಬಂದ ಕರಡಿಯನ್ನು ಅನುಮಾನಿಸಲು ಮೇಷ್ಟ್ರಾದ ನನ್ನಿಂದ ಆಗಲಿಲ್ಲ. ಅಷ್ಟರಲ್ಲಿ ಅದು ತಲೆಯೆತ್ತಿತು. ಎರಡು ಕಣ್ಣು ಫಳ್ಳನೆ ಹೊಳೆದವು.

ಮನೆಯಾಕೆಯನ್ನು ಎಬ್ಬಿಸಿದೆ. ಅವಳು ಚಿತ್ರ ನೋಡಿದವಳೇ ಮುಂದಿನ ಕೋಣೆಗೆ ಓಡಿ, ಓಡಿದಷ್ಟೇ ಬೇಗ ವಾಪಸು ಬಂದಳು. "ರೀ, ಅತ್ತೆ ಹಾಸಿಗೇಲಿಲ್ಲ!"

ನನ್ನ ಕೈಕಾಲು ತಣ್ಣಗಾದವು. ಗೇಟಿನ ಚಿಲಕ ತೆಗೆಯುವ ಧೈರ್ಯವಿಲ್ಲ, ತೆಗೆಯದೆ ಇರುವ ಹಾಗೂ ಇಲ್ಲ. ಬಡಿಗೆ ಹುಡುಕಿದೆ, ಸಿಕ್ಕಿದ್ದು ಸನ್ಮಾನದ ಕೊಡೆ. ಕಂಡಕ್ಟರಿಗೆ ಫೋನು ಮಾಡಿ, ಗೇಟಿನ ಹತ್ತಿರ ಕರಡಿ ಇದೆ, ನಿಮ್ಮ ಮಹಡಿಯಿಂದ ಟಾರ್ಚ್ ಬಿಡಿ, ಅವ್ವ ಕಾಣಿಸುತ್ತಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಎದುರುಮನೆಯಲ್ಲಿ ಕಿಟಕಿ ತೆರೆದ ಸದ್ದಾಯಿತು. ಟಾರ್ಚಿನ ಬೆಳಕು ಬೀದಿಗೆ ಬಿತ್ತು. ಫೋನಿನಲ್ಲಿ ಕಂಡಕ್ಟರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು:

"ಮೇಷ್ಟ್ರೇ, ಕರಡಿ ರಂಗೋಲಿ ಹಾಕ್ತೈತೆ."

ಚಳ್ಳಕೆರೆಯ ಕರಿ ಕಂಬಳಿ ತಲೆತುಂಬ ಹೊದ್ದು, ಕನ್ನಡಕ ಹಾಕಿಕೊಂಡು, ಕುಕ್ಕರುಗಾಲಲ್ಲಿ ಕೂತ ಎಂಬತ್ತೆರಡರ ಅವ್ವ ನಾನು ಕೊಡೆ ಹಿಡಿದು ಹೊರಬಂದಾಗ ಒಂಬತ್ತನೇ ಎಳೆ ಎಳೆಯುತ್ತಿದ್ದಳು. "ಮಳೆ ಬರಾಂಗೈತೇನೋ?" ಎಂದು ಕೇಳಿದಳು.

ವಿಷಯ ಮುಚ್ಚಿಡೋಣವೆಂದುಕೊಂಡಿದ್ದೆ. ಹಾಲಿನವನು ಬರುವ ಹೊತ್ತಿಗೆ ಕಂಡಕ್ಟರು ಇಡೀ ಬೀದಿಗೆ ಟಿಕೆಟ್ ಹರಿದು ಕೊಟ್ಟಿದ್ದರು. ಅವ್ವ ಸಿಟ್ಟಾಗುತ್ತಾಳೆಂದು ಹೆದರಿ ಸಂಜೆ ಪಟ್ಟಿ ತೆರೆದು ಕರಡಿಯ ಗುರುತು ತೆಗೆಯಲು ಕೂತೆ. ಹಿಂದಿನಿಂದ ಬಂದು ನಿಂತ ಅವ್ವ ಬೇಡವೆಂದಳು. "ಇರ್ಲಿ ಬಿಡೋ. ನಾನು ಎದ್ದಿದ್ದು ನಿನ್ನ ಹೆಂಡ್ತಿಗೆ ಹೆಂಗ್ ತಿಳೀಬೇಕು?"

ಈಗ ದಿನಾ ಬೆಳಿಗ್ಗೆ ಸ್ಪೀಕರು ಗೇಟಿನ ಬಳಿ ಕರಡಿ ಎನ್ನುತ್ತದೆ, ಮನೆಯಾಕೆ ಎದ್ದು ಕಾಫಿಗಿಡುತ್ತಾಳೆ. ರಂಗೋಲಿ ಡಬ್ಬಿ ಮೂಲೆಗಿಟ್ಟು ಒಳಗೆ ಬಂದ ಅವ್ವ ಲೋಟ ಕೈಗೆ ತೆಗೆದುಕೊಳ್ಳುವ ಮೊದಲು ನನ್ನ ಫೋನಿನ ಕಡೆ ಕತ್ತು ಚಾಚುತ್ತಾಳೆ.

"ಇವತ್ತು ಎಷ್ಟು ಕೊಟ್ಟೈತೆ?"

"71 ಅವ್ವ."

"ಹ್ಞೂಂ. ಕಂಬಳಿ ಸರಿಯಾಗಿ ಹೊದ್ಕಂಡಿದ್ದೆ."