ಎಂಜಿನ್ ಕೇಳಿದಿರಿ, ಬ್ರೇಕ್ ಕೇಳಿದಿರಾ?

ಬೆಳಗಾವಿಯಲ್ಲಿ ಹಳೆ ಕಾರು ನೋಡಲು ಹೋದವರ ಮೊದಲ ಪ್ರಶ್ನೆ, "ಆವ್ರೇಜ್ ಎಷ್ಟ್ ಕೊಡತೈತಿ?" ನಾನಿರುವ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಪ್ರಶ್ನೆ, "ಎಂಒಟಿ ಇನ್ನೂ ಎಷ್ಟು ತಿಂಗಳಿದೆ?" ಎಂಒಟಿ ಅಂದರೆ ಇಲ್ಲಿ ಕಾರಿಗೆ ಪ್ರತಿ ವರ್ಷ ಮಾಡಿಸುವ ಪರೀಕ್ಷೆ. ಎರಡೂ ಕಡೆಯವರು ತಾವು ಭಾರಿ ಹುಷಾರು ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಇಬ್ಬರೂ ಅರ್ಧ ಗಾಡಿ ಮಾತ್ರ ನೋಡುತ್ತಾರೆ. ಅದರಲ್ಲಿ ನಮ್ಮವರು ನೋಡದೆ ಬಿಡುವ ಅರ್ಧ ಜೀವಕ್ಕೆ ಕುತ್ತು ತರುವಂಥದ್ದು.

ಹೋಲಿಸಿ ನೋಡಲು ನನಗೊಂದು ಅನುಕೂಲವಿದೆ. ನಾನು ಇಲ್ಲಿ ತುಂಬಾ ದಿನ ಓಡಿಸಿದ್ದು ವಾಕ್ಸ್‌ಹಾಲ್ ಕೊರ್ಸಾ, 1.3 ಲೀಟರ್ ಡೀಸೆಲ್. ಊರಲ್ಲಿ ನನ್ನ ತಮ್ಮ, ಅಂದರೆ ಚಿಕ್ಕಪ್ಪನ ಮಗ, ಕೊಳ್ಳಲು ಹೊರಟಿದ್ದು 2013ರ ಸ್ವಿಫ್ಟ್ ಡೀಸೆಲ್. ಎರಡರ ಬಾನೆಟ್ ಕೆಳಗೂ ಇರುವುದು ಫಿಯಾಟ್‌ನ ಅದೇ 1248 ಸಿಸಿ ಮಲ್ಟಿಜೆಟ್. ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಎಲ್ಲಕ್ಕೂ ಅದೇ ಎಂಜಿನ್. 2020ರ ಏಪ್ರಿಲ್‌ಗೆ ಮಾರುತಿ ಡೀಸೆಲ್ ನಿಲ್ಲಿಸಿದ ಮೇಲೂ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಅದಕ್ಕೆ ಗಿರಾಕಿ ಕಡಿಮೆಯಾಗಿಲ್ಲ.

ಆ ಸ್ವಿಫ್ಟ್ ನೋಡಲು ನಮ್ಮ ಜೊತೆ ಬಂದವರು ಖಾನಾಪುರ ರೋಡ್ ಕಡೆ ಗ್ಯಾರೇಜ್ ಇಟ್ಟ ಚಾಚಾ. ಎಂಜಿನ್ ನೋಡುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಇಂಗ್ಲೆಂಡಿನಲ್ಲೂ ಕಂಡಿಲ್ಲ. ಹೋದವರು ಮಾತೇ ಆಡಲಿಲ್ಲ. ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. "ಗಾಡಿ ಈಗ ಚಾಲೂ ಮಾಡಿದ್ರೇನ್ರಿ?" ಗಾಡಿ ಮಾರಿಸುವ ಏಜೆಂಟ್ ನಕ್ಕ. "ತೊಳಿಯಾಕ ಒಯ್ದಿದ್ವಿರಿ." ಚಾಚಾ ಅಷ್ಟಕ್ಕೇ ತಿರುಗಿ ಹೊರಟರು. "ನಾಳಿ ಮುಂಜಾನೆ ಬರ್ತೀವಿ. ನಾವ್ ಬರೂತನಕ ಕೀಲಿ ಹಚ್ಚಬ್ಯಾಡ್ರಿ."

ಕಾರಣ ಇದೆ. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸಲು ಈ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದ ಗಾಡಿಯಲ್ಲಿ ಚೈನ್ ಸಡಿಲಾಗುತ್ತದೆ, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸೋಲುತ್ತದೆ. ಆ ಗರಗರ ಶಬ್ದ ಚೆನ್ನಾಗಿ ಕೇಳುವುದು ರಾತ್ರಿಯೆಲ್ಲ ನಿಂತ ಗಾಡಿಯನ್ನು ಮೊದಲ ಸಲ ಚಾಲೂ ಮಾಡಿದಾಗ. ಆಯಿಲ್ ಮೇಲೆ ಬಂದು ಎಂಜಿನ್ ಕಾದ ಮೇಲೆ ಎಷ್ಟೋ ಸಲ ಸದ್ದೇ ಇರುವುದಿಲ್ಲ. ಮಾರುವವರಿಗೆ ಇದು ಗೊತ್ತು. ಚಾಚಾಗೂ ಗೊತ್ತು.

ಮರುದಿನ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂ ಡ್ರೈವರ್‌ನ ತುದಿಯನ್ನು ಎಂಜಿನ್‌ಗೆ ಆನಿಸಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳಿದರು. ಆಯಿಲ್ ಹಾಕುವ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಷನ್ ಹೊಡೆಯುತ್ತದಾ, ಅಂದರೆ ಒಳಗಿಂದ ಹೊಗೆ, ಗಾಳಿ ನುಗ್ಗಿ ಬರುತ್ತದಾ ನೋಡಿದರು. ಸೈಲೆನ್ಸರ್ ಹಿಂದೆ ನನ್ನ ತಮ್ಮನನ್ನು ನಿಲ್ಲಿಸಿ ಹೊಗೆಯ ಬಣ್ಣ ಕೇಳಿದರು. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ದಟ್ಟ ಕಪ್ಪು ಬಂದರೆ ಇಂಜೆಕ್ಟರ್, ಇಜಿಆರ್ (ಹೊಗೆಯ ಒಂದು ಭಾಗವನ್ನು ಎಂಜಿನ್‌ಗೇ ಮರಳಿಸುವ ವಾಲ್ವ್) ಅಥವಾ ಟರ್ಬೊ ಕಡೆ ನೋಡಬೇಕು. ಬಿಳಿ ಹೊಗೆ ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಆಮೇಲೆ ವಂಟಮುರಿ ಘಾಟ್ ಹತ್ತಿಸಿ ಇಳಿಸಿಕೊಂಡು ಬಂದರು. ಟೆಂಪರೇಚರ್ ಏರಲಿಲ್ಲ, ಕ್ಲಚ್ ಸ್ಲಿಪ್ ಆಗಲಿಲ್ಲ. "ಎಂಜಿನ್ ಏಕದಂ ಛಲೋ ಐತಿ, ತಗೊಳ್ರಿ" ಅಂದರು. ಅಲ್ಲಿಗೆ ತಪಾಸಣೆ ಮುಗಿಯಿತು.

"ಚಾಚಾ, ಬ್ರೇಕ್ ನೋಡಿದ್ರೇನ್ರಿ?" ಅಂತ ಕೇಳಿದೆ.

"ತುಳದ್ರ ನಿಲ್ಲತೈತಲ್ಲ. ಮತ್ತೇನ್ ನೋಡೂದು?"

ಈಗ ಇಲ್ಲಿನ ಕಥೆ. ಎಂಒಟಿ ಅಂದರೆ ಕಾರು ರಸ್ತೆಗೆ ಯೋಗ್ಯವಾ ಅನ್ನುವ ಪರೀಕ್ಷೆ. 1960ರಿಂದ ಇದೆ. ಇಂಗ್ಲೆಂಡಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಮಾಡಿಸಬೇಕು. ಕಾರಿಗೆ 54.85 ಪೌಂಡಿಗಿಂತ ಹೆಚ್ಚು ಫೀ ತೆಗೆದುಕೊಳ್ಳುವಂತಿಲ್ಲ. ಗಾಡಿಯನ್ನು ಮೇಲೆತ್ತಿ ಸಸ್ಪೆನ್ಷನ್ ಅಲುಗಾಡಿಸಿ ನೋಡುತ್ತಾರೆ. ಎಡ ಬಲದ ಬ್ರೇಕ್ ಸಮನಾಗಿ ಹಿಡಿಯುತ್ತವಾ ಅಂತ ರೋಲರ್ ಮೇಲೆ ಅಳೆಯುತ್ತಾರೆ. ಟೈರಿನ ಗೀರು 1.6 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಫೇಲ್. ಲೈಟು, ಸೀಟ್ ಬೆಲ್ಟ್, ವೈಪರ್, ಹೊಗೆ ಎಲ್ಲ ನೋಡುತ್ತಾರೆ. ಕೆಳಗಿನ ತಗಡು ತುಕ್ಕು ತಿಂದಿದೆಯಾ ಅಂತಲೂ ನೋಡುತ್ತಾರೆ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಅದು ಮುಖ್ಯ.

ಫಲಿತಾಂಶ ಸರ್ಕಾರದ ವೆಬ್‌ಸೈಟಿನಲ್ಲಿ ಬೀಳುತ್ತದೆ. ಕಾರಿನ ನಂಬರ್ ಹಾಕಿದರೆ ಸಾಕು, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಯಾವ ವರ್ಷ ಫೇಲಾಗಿತ್ತು, ಯಾಕೆ, ಆಗ ಮೀಟರ್ ಎಷ್ಟಿತ್ತು, ಎಲ್ಲ ಇರುತ್ತದೆ. ಹೋದ ವರ್ಷ ಎಂಬತ್ತು ಸಾವಿರ ಮೈಲಿ ತೋರಿಸಿದ ಗಾಡಿ ಈ ವರ್ಷ ಅರವತ್ತು ಸಾವಿರ ತೋರಿಸಿದರೆ ಮೀಟರ್ ತಿರುಗಿಸಿದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಪಾಸಾದ ಗಾಡಿಗೂ "ಮುಂದಿನ ಎಡ ಟೈರು ಮುಗಿಯುತ್ತಾ ಬಂದಿದೆ" ಅಂತ ಸಲಹೆ ಬರೆದಿರುತ್ತಾರೆ. ನಾನು ಹಳೆ ಕಾರು ನೋಡುವಾಗ ಮೊದಲು ಓದುವುದೇ ಈ ಸಲಹೆಗಳನ್ನು. ಒಂದೇ ಸಲಹೆ ವರ್ಷ ವರ್ಷವೂ ಬಂದಿದ್ದರೆ ಮಾಲೀಕ ಎಂಥವನು ಅಂತ ತಿಳಿಯುತ್ತದೆ, ಅಲ್ವಾ?

ಆದರೆ ಎಂಒಟಿಯಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಇವುಗಳ ಸ್ಥಿತಿಗತಿ ನೋಡುವುದೇ ಇಲ್ಲ. ಅದು ನಿಯಮದಲ್ಲೇ ಇಲ್ಲ. ನನ್ನ ಕೊರ್ಸಾದ ಚೈನ್ ಬೆಳಿಗ್ಗೆ ಬೆಳಿಗ್ಗೆ ಗರಗರ ಅನ್ನುತ್ತಿದ್ದ ವರ್ಷವೂ ಎಂಒಟಿ ಸಲೀಸಾಗಿ ಪಾಸಾಯಿತು. ಇಲ್ಲಿ ಎಷ್ಟೋ ಜನ ಎಂಒಟಿ ಹೊಸದಿದೆ ಅಂತ ನಂಬಿ ದುಡ್ಡು ಕೊಟ್ಟು, ತಿಂಗಳೊಳಗೆ ಕ್ಲಚ್ ಹೋಗಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಡೀಲರ್ ಹತ್ತಿರ ಕೊಂಡಿದ್ದರೆ, ಮೊದಲೇ ದೋಷವಿದ್ದ ಗಾಡಿಯನ್ನು ಮೂವತ್ತು ದಿನದೊಳಗೆ ವಾಪಸ್ ಕೊಡುವ ಹಕ್ಕನ್ನು 2015ರ ಗ್ರಾಹಕರ ಕಾಯ್ದೆ ಕೊಟ್ಟಿದೆ. ಕಾರಿನ ಮಾಲೀಕರ ಹತ್ತಿರ ನೇರ ಕೊಂಡಿದ್ದರೆ ಆ ಹಕ್ಕು ಇಲ್ಲ.

ಕೆಟ್ಟರೆ ರಿಪೇರಿ ಮಾಡಿಸೋಣ ಅಂದರೆ ಗಂಟೆಗೆ ನೂರು ಪೌಂಡ್ ಹತ್ತಿರ ಕೂಲಿ ಕೇಳುವ ಗ್ಯಾರೇಜುಗಳಿವೆ. ಸಾವಿರ ಪೌಂಡಿನ ಗಾಡಿಗೆ ಅಷ್ಟು ಸುರಿಯುವವರು ಯಾರು? ಸೀದಾ ಗುಜರಿಗೆ. ಟರ್ಬೊ ಹೋಯಿತು ಅಂತ, ಬಾಡಿ ಗಟ್ಟಿಮುಟ್ಟಾಗಿರುವ ಕಾರನ್ನು ಎತ್ತಿಕೊಂಡು ಹೋಗುವುದು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಾನು ಕೊರ್ಸಾ ಬಿಡಲು ಕಾರಣ ಮಾತ್ರ ಚೈನ್ ಅಲ್ಲ. 2021ರ ಜೂನ್‌ನಿಂದ ಬರ್ಮಿಂಗ್‌ಹ್ಯಾಮ್ ನಡುಪೇಟೆಗೆ ಹಳೆ ಡೀಸೆಲ್ ತಂದರೆ ದಿನಕ್ಕೆ ಎಂಟು ಪೌಂಡ್ ಶುಲ್ಕ ಕಟ್ಟಬೇಕು. ಆ ಲೆಕ್ಕ ನಮಗೆ ಹೊಂದಲಿಲ್ಲ, ಮಾರಿಬಿಟ್ಟೆ.

ರಿಪೇರಿಯ ವಿಷಯದಲ್ಲಿ ಬೆಳಗಾವಿಗೆ ನೂರಕ್ಕೆ ನೂರು ಕೊಡುತ್ತೇನೆ. ಉದ್ಯಮಬಾಗ್‌ನಲ್ಲಿ ಫೌಂಡ್ರಿ, ಲೇಥ್, ಗ್ರೈಂಡಿಂಗ್ ಎಲ್ಲ ಇರುವ ಊರಿದು. ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಬಹುದು, ಬ್ಲಾಕ್ ಬೋರ್ ಮಾಡಿಸಬಹುದು, ಆಲ್ಟರ್ನೇಟರ್ ಬಿಚ್ಚಿ ರಿಪೇರಿ ಮಾಡುವವರಿದ್ದಾರೆ. ಕೆಟ್ಟ ಸಾಮಾನು ಎಸೆಯದೆ ಬದುಕಿಸುವುದು ಈ ಊರಿನವರಿಗೆ ರಕ್ತದಲ್ಲೇ ಬಂದಿದೆ. ಚಾಚಾನ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷದ ಗಾಡಿಗಳು ಇನ್ನೂ ದುಡಿಯುತ್ತಿವೆ.

ಆದರೆ ಬ್ರೇಕ್?

ಚಾಚಾನ ಮಾತು ಕೇಳಿ ನನಗೆ ಸಮಾಧಾನ ಆಗಲಿಲ್ಲ. ತಮ್ಮನನ್ನು ಎಳೆದುಕೊಂಡು ಹತ್ತಿರದ ವ್ಹೀಲ್ ಅಲೈನ್‌ಮೆಂಟ್ ಅಂಗಡಿಗೆ ಹೋದೆ. "ಅಲೈನ್‌ಮೆಂಟ್ ಮಾಡಸ್ತೀರೇನ್ರಿ ಸರ?" "ಇಲ್ಲ, ಸುಮ್ನೆ ಮೇಲೆತ್ತಿ ತೋರಿಸ್ರಿ. ರೊಕ್ಕ ಕೊಡ್ತೀವಿ." ಹುಡುಗ ನಮ್ಮನ್ನು ವಿಚಿತ್ರವಾಗಿ ನೋಡಿ ಲಿಫ್ಟ್ ಏರಿಸಿದ. ಎಡಗಡೆಯ ಹಿಂದಿನ ಗಾಲಿಯ ಒಳಮೈ ಒದ್ದೆಯಾಗಿತ್ತು, ಮೇಲೆ ಧೂಳು ಮೆತ್ತಿ ಕಪ್ಪು ರೊಜ್ಜು ಆಗಿತ್ತು. ಡ್ರಮ್ ಬಿಚ್ಚಿಸಿದೆವು. ವ್ಹೀಲ್ ಸಿಲಿಂಡರ್ ಸೋರಿ ಬ್ರೇಕ್ ಆಯಿಲ್ ಲೈನರ್ (ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಪಟ್ಟಿ) ಮೇಲೆಲ್ಲ ಹರಡಿತ್ತು. ಅಂದರೆ ಆ ಗಾಲಿಗೆ ಬ್ರೇಕೇ ಇಲ್ಲ ಅನ್ನಬಹುದು. ಒಣ ರಸ್ತೆಯಲ್ಲಿ, ನಲವತ್ತರ ಸ್ಪೀಡಿನಲ್ಲಿ, ತುಳಿದರೆ ನಿಲ್ಲುತ್ತಿತ್ತು ನಿಜ. ಮಳೆಗಾಲದಲ್ಲಿ ನಾಲ್ಕು ಜನ ತುಂಬಿಕೊಂಡು ಚೋರ್ಲಾ ಘಾಟ್ ಇಳಿಯುವಾಗ?

ಟೈರಿನ ಬದಿಯಲ್ಲಿ ಡಿಒಟಿ ಅಂತ ಬರೆದು, ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮುಂದಿನ ಟೈರುಗಳಲ್ಲಿ 2316 ಅಂತ ಇತ್ತು, ಅಂದರೆ 2016ರ 23ನೇ ವಾರದ್ದು. ಗೀರು ಚೆನ್ನಾಗಿತ್ತು, ಕರಿ ಪಾಲಿಶ್ ಹೊಡೆದು ಮಿರಿಮಿರಿ ಮಾಡಿದ್ದರು, ಆದರೆ ಬದಿಯ ರಬ್ಬರ್ ತುಂಬ ಸಣ್ಣ ಸಣ್ಣ ಬಿರುಕು. ಏಜೆಂಟ್ ಇದಕ್ಕೇ "ಟೈರ್ ಎಂಬತ್ತು ಪರ್ಸೆಂಟ್ ಅದಾವ್ರಿ" ಅಂದಿದ್ದ.

ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಿಂದ. ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ. ಅದಕ್ಕಿಂತ ಹಳೆಯ ಕಡಿಮೆ ರೇಟಿನ ಮಾಡೆಲ್‌ಗಳಲ್ಲಿ ಎಷ್ಟೋ ಗಾಡಿಗಳಿಗೆ ಇವೆರಡೂ ಇಲ್ಲ. ಅಂಥ ಗಾಡಿಗಳಲ್ಲಿ ನಮ್ಮನ್ನು ಕಾಯುವುದು ಟೈರು, ಲೈನರ್, ಬ್ರೇಕ್ ಆಯಿಲ್ ಮತ್ತು ಸೀಟ್ ಬೆಲ್ಟ್ ಮಾತ್ರ. ಎಲ್ಲಿ ಜಾಸ್ತಿ ನೋಡಬೇಕೋ ಅಲ್ಲೇ ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಹೀರಿದ ಆಯಿಲ್ ಘಾಟಿನ ಕಾವಿಗೆ ಬೇಗ ಕುದಿಯುತ್ತದೆ, ಆಗ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಊರಲ್ಲಿ ನಾನು ವಿಚಾರಿಸಿದವರಲ್ಲಿ ಎಂಜಿನ್ ಆಯಿಲ್ ಯಾವಾಗ ಬದಲಿಸಿದೆವು ಅಂತ ಎಲ್ಲರಿಗೂ ನೆನಪಿತ್ತು. ಬ್ರೇಕ್ ಆಯಿಲ್ ಅಂದರೆ "ಕಮ್ಮಿ ಆದ್ರ ಹಾಕ್ತೀವಲ್ಲ" ಅನ್ನುತ್ತಾರೆ.

ಸರ್ಕಾರದ ನಿಯಮವೂ ಹಾಗೇ ಇದೆ. ಖಾಸಗಿ ಕಾರಿಗೆ ಹದಿನೈದು ವರ್ಷ ಆರ್‌ಸಿ. ಅಲ್ಲಿಯವರೆಗೆ ಕಾಲಕಾಲಕ್ಕೆ ಆಗುವ ತಪಾಸಣೆ ಅಂದರೆ ಹೊಗೆಯದ್ದು ಮಾತ್ರ. ಹದಿನೈದು ತುಂಬಿದ ಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ಐದು ವರ್ಷಕ್ಕೊಮ್ಮೆ. 2022ರ ಏಪ್ರಿಲ್‌ನಿಂದ ಆರ್‌ಸಿ ನವೀಕರಣದ ಶುಲ್ಕವನ್ನು 600 ರೂಪಾಯಿಯಿಂದ 5000ಕ್ಕೆ ಏರಿಸಿದರು. ಶುಲ್ಕ ಏರಿಸುವುದರ ಬದಲು ಆರನೇ ವರ್ಷಕ್ಕೊಮ್ಮೆ, ಒಂಬತ್ತಕ್ಕೊಮ್ಮೆ ಗಾಡಿ ಮೇಲೆತ್ತಿ ನೋಡಿದ್ದರೆ ನಾಲ್ಕು ಜೀವ ಉಳಿಯುತ್ತಿತ್ತು. "ನಮ್ಮಲ್ಲಿ ಎಂಒಟಿ ತಂದ್ರ ರೊಕ್ಕ ಕೊಟ್ಟು ಪಾಸ್ ಮಾಡಸ್ತಾರ ಅಣ್ಣಾ" ಅಂತ ತಮ್ಮ ನಗುತ್ತಾನೆ. ಮಾಡಿಸಬಹುದು. ಆದರೂ ಪ್ರತಿ ಸಲ ಮೀಟರ್ ಎಷ್ಟಿತ್ತು ಅನ್ನುವುದೊಂದು ದಾಖಲಾಗಿ ಎಲ್ಲರಿಗೂ ಕಂಡರೆ, ಅರ್ಧ ಮೋಸ ತಾನಾಗಿ ನಿಲ್ಲುತ್ತದೆ.

ಇನ್ನೊಂದು ದಾಖಲೆಯ ಮಾತು ಬೆಳಗಾವಿಗೆ ಚೆನ್ನಾಗಿ ಅನ್ವಯಿಸುತ್ತದೆ. 2019ರ ಆಗಸ್ಟ್‌ನಲ್ಲಿ ಜಿಲ್ಲೆಯ ತುಂಬ ನೆರೆ ಬಂತು. ಕೊಲ್ಹಾಪುರ, ಸಾಂಗ್ಲಿಯಲ್ಲೂ ಬಂತು. ನೀರಲ್ಲಿ ಮುಳುಗಿದ ಗಾಡಿ ತೊಳೆದು ಬಳಿದು ಪೇಟೆಗೆ ಬಂದರೆ ಆರ್‌ಸಿ ನೋಡಿ ಕಂಡುಹಿಡಿಯುವುದು ಕಷ್ಟ. ಇಂಗ್ಲೆಂಡಿನಲ್ಲಿ ಇನ್ಶೂರೆನ್ಸ್‌ನವರು ಕೈಬಿಟ್ಟ ಗಾಡಿಗೆ ಎ, ಬಿ, ಎಸ್, ಎನ್ ಅಂತ ದರ್ಜೆ ಹಚ್ಚುತ್ತಾರೆ, ಎಸ್ ಮತ್ತು ಎನ್ ಮಾತ್ರ ಮತ್ತೆ ರಸ್ತೆಗೆ ಬರಬಹುದು. ಆ ಹಣೆಪಟ್ಟಿ ನೋಡಿಯೇ ರೇಟು ಬೀಳುತ್ತದೆ. ಊರಲ್ಲಿ ನಾವೇ ಹುಡುಕಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಇದ್ದರೆ ಅಲ್ಲೇ ಕಾಣುತ್ತದೆ. ಸ್ಟೆಪ್ನಿ ಎತ್ತಿ ಕೆಳಗೆ ಕೈಯಾಡಿಸಿ. ಕೊಲ್ಹಾಪುರದ ಎಂಎಚ್-09 ಪಾಸಿಂಗ್ ಇರಲಿ, ಬೆಳಗಾವಿಯ ಕೆಎ-22 ಇರಲಿ, ಬಿಡಬೇಡಿ.

ಕಾಗದದ ವಿಷಯದಲ್ಲಿ ನಮ್ಮವರು ಮೊದಲಿಗಿಂತ ಹುಷಾರಾಗಿದ್ದಾರೆ, ಲೋನ್ ತೀರಿದೆಯಾ, ಚಲನ್ ಬಾಕಿ ಇದೆಯಾ ಅಂತ ಮೊಬೈಲಲ್ಲೇ ನೋಡುತ್ತಾರೆ. ಆದರೆ ಮಾಲೀಕರ ಹೆಸರು ಬದಲಿಸುವ 29, 30ನೇ ಫಾರಂಗೆ ಖಾಲಿ ಸಹಿ ಹಾಕಿ ಏಜೆಂಟ್ ಕೈಗೆ ಕೊಡುವ ಚಟ ಹೋಗಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಮಾರುವವರು ಇದನ್ನು ನೆನಪಿಡಬೇಕು.

ತಮ್ಮ ಆ ಸ್ವಿಫ್ಟನ್ನೇ ಕೊಂಡ. ಎಂಜಿನ್ ಬಗ್ಗೆ ಚಾಚಾನ ಮಾತು ನಂಬಿ, ಟೈರು ಮತ್ತು ಬ್ರೇಕಿನ ಖರ್ಚು ರೇಟಿನಲ್ಲಿ ಮುರಿಸಿ. "ಬ್ರೇಕ್ ನೋಡಿ ರೊಕ್ಕ ಮುರಿದವ್ರು ನೀವ ಮೊದಲ್ನೇವ್ರು ನೋಡ್ರಿ ಸರ" ಅಂತ ಏಜೆಂಟ್ ಗೊಣಗಿದ. ಈಗ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಡಿಸಿದ್ದೇನೆ. ಯಾವ ಕೆಲಸ, ಯಾವ ತಾರೀಖು, ಎಷ್ಟು ಕಿಲೋಮೀಟರ್, ಎಲ್ಲ ಬರೆಯಬೇಕು. ಚಾಚಾ ಹೇಳುತ್ತಾರೆ, ತಮ್ಮ ಬರೆಯುತ್ತಾನೆ. ಕೆಳಗೊಂದು ಸಹಿ ಹಾಕಿ ಅಂದರೆ ಮಾತ್ರ ಚಾಚಾ ಒಪ್ಪಿಲ್ಲ. "ನಾಳಿ ಗಾಡಿ ಮಾರಿದಾಗ ಆ ಬುಕ್ ಹಿಡ್ಕೊಂಡ್ ನನ್ನ ಹಂತ್ಯಾಕ ಬರ್ತಾರ" ಅಂತ ಅವರ ತಕರಾರು. ಬರಲಿ ಅಂತಲೇ ನನ್ನ ಆಸೆ.