ಡಬ್ಬಿಯಲ್ಲಿ ಬಂದ ಜಡೆ

ಮೊಗ್ಗಿನ ಜಡೆ ಈಗ ರಟ್ಟಿನ ಡಬ್ಬಿಯಲ್ಲಿ ಬರುತ್ತದೆ, ಪಿಜ್ಜಾ ಬಂದ ಹಾಗೆ. ಛತ್ರದ ಕೋಣೆಯಲ್ಲಿ ಮುಚ್ಚಳ ತೆಗೆದು, ವಧುವಿನ ತಲೆಯ ಹಿಂದೆ ನಾಲ್ಕು ಪಿನ್ನು ಚುಚ್ಚಿದರೆ ಸಿಂಗಾರ ಮುಗಿಯಿತು. ಧಾರೆಯ ಹೊತ್ತಿಗೆ ಹುಡುಗಿ ತಲೆ ಬಗ್ಗಿಸಿದಾಗ ಜಡೆ ಮಾತ್ರ ಬಗ್ಗುವುದಿಲ್ಲ, ಹಳೇ ಗಡಿಯಾರದ ಲೋಲಕದಂತೆ ಅತ್ತಿತ್ತ ತೂಗುತ್ತದೆ. ಹಿಂದೆ ಕುಳಿತವರ ಕಿವಿಗೆ ಮಂತ್ರ ಬೀಳುವುದಿಲ್ಲ. ಈಗ ಬಿತ್ತು, ಆಗ ಬಿತ್ತು ಎಂಬ ದಿಗಿಲು.

ತಪ್ಪು ಹೂವಿನದಲ್ಲ. ಮೊಗ್ಗು, ರಟ್ಟು, ಬಿಲ್ಲೆ, ಕುಚ್ಚು ಎಲ್ಲ ಸೇರಿದರೆ ತೂಕ ಅರ್ಧ ಕಿಲೋ ಮುಟ್ಟುವುದು ಸುಲಭ. ಅಷ್ಟನ್ನೂ ಮೇಲೊಂದೇ ಕಡೆ ನೇತುಹಾಕಿದರೆ ಬುಡದ ಕೂದಲು ಜಗ್ಗಿ ತಲೆನೋವು ಬರದೆ ಇನ್ನೇನು? ಒಳಗಿನ ನಿಜವಾದ ಜಡೆಗೆ ಮೇಲೆ, ನಡುವೆ, ತುದಿಯಲ್ಲಿ, ಹೀಗೆ ಮೂರು ಕಡೆ ಕಪ್ಪು ದಾರ ಹಾಕಿ ಕಟ್ಟಬೇಕು. ಚೌರಿಯನ್ನು ಎರಡು ಹೆಣಿಗೆ ಆದಮೇಲೆ ಸೇರಿಸಬೇಕು, ಬುಡದಲ್ಲೇ ಇಟ್ಟರೆ ಜಾರುತ್ತದೆ. ತಲೆಗೆ ನೀರು ಹಿಂದಿನ ದಿನವೇ ಆಗಿರಬೇಕು. ಆಗಷ್ಟೇ ಶಾಂಪೂ ಹಾಕಿದ ಕೂದಲಲ್ಲಿ ಯಾವ ಪಿನ್ನೂ ನಿಲ್ಲುವುದಿಲ್ಲ.

ಹಿಂದೆ ಹುಡುಗಿಯನ್ನು ಮಣೆ ಮೇಲೆ ಕೂರಿಸಿ ಮೊಗ್ಗನ್ನು ಜಡೆಗೇ ಹೊಲಿಯುತ್ತಿದ್ದರು. ಒಬ್ಬರು ಪೋಣಿಸಿ ಕೊಟ್ಟರೆ ಇನ್ನೊಬ್ಬರು ಹೊಲಿಗೆ. ನೂರು ಜುಟ್ಟು ಸೇರಿದರೂ ಎರಡು ಜಡೆ ಸೇರುವುದಿಲ್ಲ ಎಂದ ಮಹಾನುಭಾವ ಈ ಕೆಲಸ ನೋಡಿರಲಿಕ್ಕಿಲ್ಲ. ಎರಡು ಗಂಟೆ ಕೂತ ಹುಡುಗಿಯ ಕತ್ತು ಹಿಡಿದುಕೊಳ್ಳುತ್ತಿತ್ತು ಅನ್ನುವುದೂ ನಿಜವೇ.

ಕೆಲಸ ಮುಗಿದದ್ದೇ ಸ್ಟುಡಿಯೋಗೆ. ಇಷ್ಟು ಕಷ್ಟಪಟ್ಟ ಜಡೆ ಬೆನ್ನ ಹಿಂದೆ, ಮುಖ ಮುಂದೆ, ಫೋಟೋ ಒಂದೇ. ಅದಕ್ಕೇ ಕನ್ನಡಿ. ಕನ್ನಡಿಯನ್ನು ನೇರ ಬೆನ್ನ ಹಿಂದೆ ಇಟ್ಟರೆ ಹುಡುಗಿಯ ಮೈಯೇ ಅಡ್ಡ. ಪಕ್ಕಕ್ಕೆ ಸರಿಸಿ ಓರೆ ಮಾಡಿದರೆ ಜಡೆ ಕಾಣುತ್ತದೆ, ಜೊತೆಗೆ ದೀಪದ ಕಂಬವೂ. ಇನ್ನಷ್ಟು ಓರೆ ಮಾಡಿದರೆ ಕ್ಯಾಮೆರಾದ ಮುಕ್ಕಾಲಿ, ಅದರ ಪಕ್ಕದಲ್ಲಿ ಫೋಟೋದವನ ಪ್ಯಾಂಟು. ಕಡೆಗೆ ಎಲ್ಲ ಸರಿಹೋಗುವ ಹೊತ್ತಿಗೆ ಹುಡುಗಿಗೆ ಅಳು. ಮೈಸೂರು, ಬೆಂಗಳೂರಿನ ಹಳೇ ಆಲ್ಬಂಗಳಲ್ಲಿ ಮೊಗ್ಗಿನ ಜಡೆಯ ಮಕ್ಕಳು ಯಾರದೋ ಮೇಲೆ ಕೋಪ ಮಾಡಿಕೊಂಡಂತೆ ಕೂತಿರುವುದು ಇದಕ್ಕೇ ಇರಬೇಕು. ಕನ್ನಡಿಯ ಅಂಚಿನಲ್ಲಿ ಸೀರೆ ಸೆರಗೊಂದು ಇಣುಕಿದ್ದರೆ, ಅದು ಕುಚ್ಚು ಸರಿಮಾಡಲು ಬಗ್ಗಿ, ಸಮಯಕ್ಕೆ ಪಕ್ಕಕ್ಕೆ ಸರಿಯಲಾಗದ ಅಮ್ಮನದು. ಈಗ ಡ್ರೋನ್ ಹಾರಿಸುತ್ತಾರೆ. ಡ್ರೋನ್‌ಗೆ ನೆತ್ತಿ ಕಾಣುತ್ತದೆ, ಜಡೆಯಲ್ಲ. ಹೇಳಿದರೆ ಯಾರು ಕೇಳುತ್ತಾರೆ?

ಹೂವಿನ ಮಾತು ಉಳಿಯಿತು. ದುಂಡುಮಲ್ಲಿಗೆ ಸಂಜೆಗೆ ಅರಳುವ ಹೂ. ಬೆಳಿಗ್ಗೆ ಕೊಯ್ದ ಮೊಗ್ಗು ಅಂದೇ ಸಂಜೆ ಬಿರಿಯುತ್ತದೆ. ಬೆಳಗಿನ ಮುಹೂರ್ತಕ್ಕೆ ಹಿಂದಿನ ದಿನ ಹೊಲಿದು ಹೊರಗಿಟ್ಟರೆ ಮೊಗ್ಗಿನ ಜಡೆ ಹೋಗಿ ಹೂವಿನ ಜಡೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಐಸ್ ಹಿಡಿಯುವ ಖಾನೆಯಲ್ಲಿಟ್ಟರೆ ಕಂದಿಹೋಗುತ್ತದೆ. ಕಾಕಡ ಹೆಚ್ಚು ಹೊತ್ತು ತಾಳುತ್ತದೆ, ಆದರೆ ಪರಿಮಳವೇ ಇಲ್ಲದ ಜಡೆ ಯಾಕೆ ಬೇಕು? ಥರ್ಮಾಕೋಲ್ ಮೊಗ್ಗಿನ ವಿಚಾರ ಎತ್ತಲೇಬೇಡಿ. ತಳಕ್ಕೆ ರಟ್ಟಿಗಿಂತ ಬಾಳೆಪಟ್ಟೆ ವಾಸಿ: ರಟ್ಟು ನೀರು ಕುಡಿದು ಮಡಚಿಕೊಳ್ಳುತ್ತದೆ, ಪಟ್ಟೆ ತಂಪು ಉಳಿಸುತ್ತದೆ. ಹೊಲಿಗೆ ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ. ಮೇಲಿನ ಸಾಲಿನ ಮೊಗ್ಗು ಕೆಳಗಿನ ಸಾಲಿನ ತೊಟ್ಟು ಮುಚ್ಚಬೇಕು. ಸಾಲುಗಳ ನಡುವೆ ಕನಕಾಂಬರ, ಮರುಗ ಅವರವರ ಇಷ್ಟ.

ರಾತ್ರಿ ಬಿಚ್ಚುವಾಗ ಎಳೆಯಬೇಡಿ. ಕತ್ತರಿಯಿಂದ ದಾರ ಕತ್ತರಿಸುತ್ತ ತುದಿಯಿಂದ ಮೇಲಕ್ಕೆ ಬನ್ನಿ. ಕುಚ್ಚನ್ನು ಮಾತ್ರ ಮೊದಲೇ ತೆಗೆದಿಡಿ. ಎರವಲು ತಂದದ್ದಾದರೆ ಊಟಕ್ಕೂ ಮೊದಲೇ.